ಸೀರಿಯಲ್ ಸೆಟ್, ಕಡಲೆಕಾಯಿ ಪಣ, ಕ್ವಾಂಟಂ ಜಗಳ: ನನ್ನ ಅನುಭವ

ಗಣೇಶನ ಪೆಂಡಾಲ್ ಪಕ್ಕ ಮೇಜು ಹಾಕಿ ಕ್ವಾಂಟಂ, ಅಂದರೆ ಬೆಳಕು, ಪರಮಾಣುಗಳ ಮಟ್ಟದ ಭೌತಶಾಸ್ತ್ರ, ತೋರಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಗೆಳೆಯರೊಬ್ಬರು "ಎಂ.ಎಸ್ಸಿ. ಹುಡುಗರಿಗೇ ತಲೆಗೆ ಹತ್ತಲ್ಲ, ನೀನು ಪ್ರಸಾದದ ಕ್ಯೂನಲ್ಲಿ ನಿಂತವರಿಗೆ ಹೇಳ್ತೀಯಾ?" ಅಂದರು. ಪರಿಚಯದ ಹುಡುಗರು "ರೀಲ್ಸ್ ಮಾಡಿ ಸರ್, ಬೀದಿಗೆ ಯಾಕೆ ಬರ್ತೀರಾ" ಅಂದರು. ಬಡಾವಣೆಯ ಗಣೇಶನ ಸಮಿತಿಯ ಹಿರಿಯರು ಮಾತ್ರ "ಕರೆಂಟು ಎಷ್ಟು ಎಳೆಯುತ್ತೆ?" ಅಂತ ಒಂದೇ ಪ್ರಶ್ನೆ ಕೇಳಿ, ಪೆಂಡಾಲಿನ ಬಲಗಡೆ ಜಾಗ ಕೊಟ್ಟರು. ಈಗ ಅದೇ ನಕ್ಕವರು ನನ್ನ ಎಲ್‌ಇಡಿ ದೀಪಗಳ ಬೋರ್ಡನ್ನು ಕಡ ಕೊಡಿ ಅಂತ ಫೋನ್ ಮಾಡುತ್ತಿದ್ದಾರೆ.

ಇದನ್ನು ಓದುವವರು ನನ್ನ ಹಾಗೆ ಶಾಲೆ, ಪಾರ್ಕು ಅಂತ ಕಿಟ್ ಹೊತ್ತು ತಿರುಗುವವರೇ ಅಂದುಕೊಂಡಿದ್ದೇನೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆ, ಬೆಳಕಿನ ಬಣ್ಣ ಬಿಡಿಸಿ ತೋರಿಸುವ ಡಿವಿಡಿ ಸ್ಪೆಕ್ಟ್ರೋಸ್ಕೋಪ್ ನಿಮಗೆ ಹೊಸದಲ್ಲ. ಹಾಗಾಗಿ ಥಿಯರಿ ಬಿಡುತ್ತೇನೆ. ಎಲ್ಲಿ ಕೆಟ್ಟಿತು, ದುಡ್ಡು ಎಲ್ಲಿ ಹೋಯಿತು, ಏನು ನಿಂತಿತು ಅನ್ನುವುದನ್ನಷ್ಟೇ ಹೇಳುತ್ತೇನೆ. ಲೆಕ್ಕವೆಲ್ಲ ನೆನಪಿನದ್ದು. ನೂರಿನ್ನೂರು ಆಚೀಚೆ ಆಗಬಹುದು.

ಶುರುವಾಗಿದ್ದು 2025ರ ಫೆಬ್ರವರಿ 28ಕ್ಕೆ. ವಿಶ್ವಸಂಸ್ಥೆ ಆ ವರ್ಷವನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ವರ್ಷ ಅಂತ ಸಾರಿತ್ತು. ರಾಮನ್ ಪರಿಣಾಮದ ದಿನ ಬೇರೆ. ನಾವು ನಾಲ್ಕೈದು ಜನ ಹುಮ್ಮಸ್ಸಿನಲ್ಲಿ ಸಮುದಾಯ ಭವನ ಹಿಡಿದೆವು. ಬಾಡಿಗೆ, ಬ್ಯಾನರ್, ಮೈಕು, ಉಪ್ಪಿಟ್ಟು, ಕಾಫಿ ಸೇರಿ ಹದಿನೆಂಟು ಸಾವಿರ ಮುಟ್ಟಿತು. ಬಂದವರು ಇಪ್ಪತ್ತು ಜನ ಇರಬಹುದು. ಅದರಲ್ಲಿ ಅರ್ಧ ನಮ್ಮ ಮನೆಯವರು, ಉಳಿದವರು ವಿಜ್ಞಾನದ ಭಾಷಣ ಎಲ್ಲೇ ಇದ್ದರೂ ಹೋಗುವವರು. ಉಪ್ಪಿಟ್ಟು ಒಂದು ಬೋಸಿ ತುಂಬ ಉಳಿಯಿತು.

ಹಾಗಂತ ಭಾಷಣ ಬೇಡ ಅನ್ನುತ್ತಿಲ್ಲ. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರ ಉಪನ್ಯಾಸ ನಡೆಸಿಕೊಂಡು ಬಂದ ಊರು ಇದು. ನಾನು ಕಲಿತಿದ್ದೇ ಅಂಥ ಬೆಂಚಿನಲ್ಲಿ ಕೂತು. ಆದರೆ ಅಲ್ಲಿಗೆ ಬರುವವರು ಆಸಕ್ತಿಯನ್ನು ಮನೆಯಿಂದಲೇ ತಂದಿರುತ್ತಾರೆ. ನನಗೆ ಬೇಕಾಗಿದ್ದು ಸೊಪ್ಪು ಕೊಳ್ಳಲು ಬಂದು ನಿಂತುಬಿಡುವವರು.

ಎರಡನೇ ಪ್ರಯತ್ನ ಪಾರ್ಕಿನಲ್ಲಿ, ಲೇಸರ್ ಮತ್ತು ತಲೆಕೂದಲು: ಕೂದಲಿನ ಮೇಲೆ ಲೇಸರ್ ಬಿಟ್ಟರೆ ಆಚೆ ಬೆಳಕು ಕತ್ತಲೆಯ ಪಟ್ಟೆ ಮೂಡುತ್ತೆ. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಜನ ಸಿಗುತ್ತಾರೆ ಅನ್ನುವುದು ಲೆಕ್ಕ. ಜನ ಸಿಕ್ಕರು, ಪಟ್ಟೆ ಸಿಗಲಿಲ್ಲ. ಏಳು ಗಂಟೆ ಬಿಸಿಲಿಗೇ ಎಲ್ಲ ಮಾಸಿಹೋಗುತ್ತಿತ್ತು. ರಟ್ಟಿನ ಡಬ್ಬ ಮಾಡಿ ಒಳಗೆ ಇಣುಕಿ ಅಂದರೆ ವಯಸ್ಸಾದವರಿಗೆ ಬಗ್ಗಲು ಆಗದು. ಹಸಿರು ಲೇಸರ್ ತಂದ ಮೇಲೆ ಯಾರೋ ದೂರು ಕೊಟ್ಟು, ಬೀಟ್ ಪೊಲೀಸರು ಬಂದು "ಲೇಸರ್ ಗೀಸರ್ ಇಲ್ಲಿ ಬೇಡ ಸ್ವಾಮಿ" ಅಂದರು. ಮಕ್ಕಳ ಕಣ್ಣಿನ ಭಯ ನನಗೂ ಇತ್ತು. ಅಲ್ಲಿಗೆ ಲೇಸರ್ ಕಥೆ ಮುಗಿಯಿತು. ಎರಡು ಸಾವಿರ ಹೋಯಿತು.

ಈಗ ಬೋರ್ಡಿಗೆ ಬರುತ್ತೇನೆ.

ಎಲ್‌ಇಡಿಯ ವೋಲ್ಟೇಜ್ ಅಳೆದು ಪ್ಲಾಂಕ್ ಸ್ಥಿರಾಂಕ (ಬೆಳಕಿನ ಬಣ್ಣಕ್ಕೂ ಅದರ ಶಕ್ತಿಗೂ ನಂಟು ಹೇಳುವ ಸಂಖ್ಯೆ) ಹಿಡಿಯುವ ಪ್ರಯೋಗ ನಾವೆಲ್ಲರೂ ಮಾಡಿಸಿದ್ದೇವೆ. ಅದನ್ನೇ ತಿರುಗಿಸಿ ಹಾಕಿದೆ. ಹತ್ತಿಸಿ ತೋರಿಸುವ ಬದಲು ಆರಿಸಿ ತೋರಿಸು. ಹಬ್ಬದ ಸೀರಿಯಲ್ ಸೆಟ್ಟಿನಿಂದ ಕೆಂಪು, ಹಳದಿ, ಹಸಿರು, ನೀಲಿ, ಬಿಳಿ ಎಲ್‌ಇಡಿ ಕತ್ತರಿಸಿ ತೆಗೆದೆ. ಹೊಸದು ಎರಡು ಮೂರು ರೂಪಾಯಿಗೆ ಸಿಗುತ್ತೆ, ನಿಜ. ಆದರೆ ಪೆಂಡಾಲಿನ ಮೇಲೆ ಮಿನುಗುತ್ತಿರುವುದೇ ಮೇಜಿನ ಮೇಲೂ ಇದೆ ಅಂದಾಗ ಜನ ನಂಬುವ ರೀತಿಯೇ ಬೇರೆ. ಪ್ರತಿಯೊಂದಕ್ಕೂ ಬೇರೆ ರೆಸಿಸ್ಟರ್, ಎಲ್ಲ ಪ್ಯಾರಲಲ್. ವೋಲ್ಟೇಜ್ ಏರಿಸಿ ಇಳಿಸುವ ತಿರುಪು ಎಲ್ಲಕ್ಕೂ ಒಂದೇ.

ಮೊದಲು ಸಣ್ಣ ಪೊಟೆನ್ಶಿಯೋಮೀಟರ್ (ತಿರುಗಿಸುವ ರೆಸಿಸ್ಟರ್) ನೇರ ಹಾಕಿದ್ದಕ್ಕೆ ಒಂದು ಸಂಜೆ ತಡೆಯಲಿಲ್ಲ, ಹೊಗೆ ಬಂತು. ಆಮೇಲೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿನಲ್ಲಿ ವೋಲ್ಟೇಜ್ ಹಿಡಿತದಲ್ಲಿಡುವ ಚಿಪ್, ಎಲ್‌ಎಂ 317 ತಂದೆ. ಹದಿನೈದೋ ಇಪ್ಪತ್ತೋ ರೂಪಾಯಿ. ಅದು ಒಂದೂಕಾಲು ವೋಲ್ಟಿಗಿಂತ ಕೆಳಗೆ ಇಳಿಯಲ್ಲ. ನಮಗೆ ಅದೇ ಅನುಕೂಲ, ಕೆಂಪು ಆರಲು ಅಷ್ಟು ಸಾಕು. ಹಳೆ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ, ಬಿಸಿ ಚೆಲ್ಲಲು ಒಂದು ಹೀಟ್ ಸಿಂಕ್, ನೂರೈವತ್ತು ರೂಪಾಯಿಯ ಕೆಂಪು ಅಂಕಿಯ ವೋಲ್ಟ್ ಮೀಟರ್. ಪೆಂಡಾಲಿನ ಕರೆಂಟು ಮುಟ್ಟಲೇ ಇಲ್ಲ. ಸಮಿತಿಯ ಹಿರಿಯರಿಗೆ ಅದೇ ದೊಡ್ಡ ಸಮಾಧಾನ.

ಒಂದು ತೊಂದರೆ ಉಳಿಯಿತು. ಪೆಂಡಾಲಿನ ಫೋಕಸ್ ಲೈಟಿನ ಮುಂದೆ ಎಲ್‌ಇಡಿ ಯಾವಾಗ ಆರಿತು ಅಂತ ಕಾಣಲ್ಲ. ಕೆಲವು ಸಂಜೆ ಇದೇ ಗೋಳು. ಕೊನೆಗೆ ಎಲೆಕ್ಟ್ರಿಷಿಯನ್ನರು ವೈರ್ ಎಳೆಯಲು ಹಾಕುವ ಪಿವಿಸಿ ಪೈಪನ್ನು ಗೇಣುದ್ದ ಕತ್ತರಿಸಿ, ಒಳಗೆ ಕಪ್ಪು ಬಣ್ಣ ಬಳಿದು, ಒಂದೊಂದು ಎಲ್‌ಇಡಿಯ ಮೇಲೆ ಒಂದೊಂದು ನಿಲ್ಲಿಸಿದೆ. ಪೈಪಿಗೆ ಕಣ್ಣಿಟ್ಟು ನೋಡಿದರೆ ನಡುಹಗಲಲ್ಲೂ ಕೊನೆಯ ಮಿಣುಕಿನವರೆಗೆ ಕಾಣುತ್ತೆ. ಬಣ್ಣ ಮ್ಯಾಟ್ ಇರಬೇಕು, ಹೊಳೆಯುವ ಎನಾಮಲ್ ಹಾಕಬೇಡಿ. ಪೂರ್ತಿ ಬೋರ್ಡಿಗೆ ಏಳೆಂಟು ನೂರು ಬಿದ್ದಿರಬಹುದು, ಬ್ಯಾಟರಿ ಬಿಟ್ಟು.

ಇಷ್ಟಾದರೂ ಜನ ನಿಲ್ಲಲಿಲ್ಲ. "ಬನ್ನಿ, ಕ್ವಾಂಟಂ ನೋಡಿ" ಅಂದರೆ ಒಂದು ನಗೆ ಕೊಟ್ಟು ಮುಂದೆ ಹೋಗುತ್ತಿದ್ದರು. ನಿಲ್ಲಿಸಿದ್ದು ಕಡಲೆಕಾಯಿ. ಬಣ್ಣಕ್ಕೊಂದು ಲೋಟ ಇಟ್ಟೆ. ಬಂದವರ ಕೈಗೆ ಐದು ಕಡಲೆಕಾಯಿ ಕೊಟ್ಟು "ತಿರುಪು ಇಳಿಸುತ್ತೇನೆ, ಯಾವುದು ಮೊದಲು ಆರುತ್ತೆ, ಅದರ ಲೋಟಕ್ಕೆ ಹಾಕಿ, ಗೆದ್ದರೆ ಎರಡರಷ್ಟು" ಅಂದೆ. ಅಷ್ಟೇ. ವಿವರಣೆ ಇಲ್ಲ, ಬೋರ್ಡಿನ ಮೇಲೆ ಹೆಸರೂ ಇಲ್ಲ.

ಮುಕ್ಕಾಲು ಪಾಲು ಕೆಂಪಿಗೆ ಬೀಳುತ್ತೆ. ಯಾಕೋ ಗೊತ್ತಿಲ್ಲ, ಎಲ್ಲ ಕಡೆ ಹಾಗೇ. ತಿರುಪು ಇಳಿಸುತ್ತಾ ಬಂದರೆ ನೀಲಿ ಮೊದಲು ಹೋಗುತ್ತೆ, ನನ್ನ ಬೋರ್ಡಿನಲ್ಲಿ ಎರಡೂವರೆ ವೋಲ್ಟಿನ ಹತ್ತಿರ. ಅದರ ಹಿಂದೆಯೇ ಹಸಿರು, ಆಮೇಲೆ ಹಳದಿ. ಕೆಂಪು 1.6ರ ತನಕ ಹಟ ಹಿಡಿದು ಕೂತಿರುತ್ತೆ. ಜನ ಒಪ್ಪಲ್ಲ. "ನೀಲಿ ಲೈಟ್ ವೀಕ್ ಇದೆ, ಬೇರೆ ಹಾಕಿ" ಅನ್ನುತ್ತಾರೆ. ಹಾಕುತ್ತೇನೆ. ಮತ್ತೆ ನೀಲಿಯೇ. ಆಗ ಬಾಯಿಗೆ ಬರುವುದು "ಯಾಕೆ?"

ಈ "ಯಾಕೆ" ಅವರ ಕಡೆಯಿಂದ ಬರುವ ತನಕ ನಾನು ತುಟಿ ಬಿಚ್ಚಲ್ಲ. ಬಂದ ಮೇಲೂ ಹೇಳುವುದು ಎರಡೇ ಮಾತು. ಬೆಳಕು ಬಿಡಿಬಿಡಿಯಾಗಿ ಹೊರಡುತ್ತೆ, ಒಂದೊಂದು ಬಿಡಿಗೂ ಶಕ್ತಿಯ ಟಿಕೆಟ್ ಬೇಕು, ಕೆಂಪಿಗೆ ಟಿಕೆಟ್ ಕಮ್ಮಿ, ನೀಲಿಗೆ ಜಾಸ್ತಿ, ಅರ್ಧ ಟಿಕೆಟ್ ಇಲ್ಲ. 1900ರಲ್ಲಿ ಪ್ಲಾಂಕ್ ಹೇಳಿದ್ದೂ 1905ರಲ್ಲಿ ಐನ್‌ಸ್ಟೈನ್ ಮುಂದೆ ಒಯ್ದದ್ದೂ ಇದೇ ಎಳೆ. ಒಂದು ಹುಡುಗಿ, ಹತ್ತನೇ ಕ್ಲಾಸು ಇರಬೇಕು, ಮೀಟರ್ ನೋಡಿ ಬರೆದುಕೊಂಡು ಮೊಬೈಲಿನಲ್ಲೇ ಪ್ಲಾಂಕ್ ಸ್ಥಿರಾಂಕದ ಲೆಕ್ಕ ಹಾಕಿದಳು. ಒಂದು ಬಣ್ಣಕ್ಕೆ ಐದೂವರೆ ಬಂತು, ಇನ್ನೊಂದಕ್ಕೆ ಆರು ಚಿಲ್ಲರೆ. ಪುಸ್ತಕದ್ದು 6.626, ಹತ್ತರ ಮೈನಸ್ 34ನೇ ಘಾತ. ಪಕ್ಕದಲ್ಲಿ ತಮಟೆ, ಮೇಲೆ ಆರ್ಕೆಸ್ಟ್ರಾ, ಇಷ್ಟು ಹತ್ತಿರ ಬಂದಿದ್ದಕ್ಕೆ ನನಗಂತೂ ಹೆಮ್ಮೆ.

ಬಿಳಿ ಎಲ್‌ಇಡಿ ಯಾವಾಗ ಆರುತ್ತೆ ಅನ್ನುವುದು ಎರಡನೇ ಪಣ. ಅದು ನೀಲಿಯ ಜೊತೆಗೇ ಹೋಗುತ್ತೆ, ಯಾಕೆಂದರೆ ಒಳಗಿರುವುದು ನೀಲಿಯೇ, ಮೇಲೆ ನೀಲಿಯನ್ನು ಹೀರಿ ಹಳದಿ ಬೆಳಕು ಕೊಡುವ ಫಾಸ್ಫರ್ ಲೇಪ. ಅಲ್ಲಿಂದ ತಲೆ ಎತ್ತಿಸಿ ಬೀದಿದೀಪ ತೋರಿಸುತ್ತೇನೆ. ಊರಿನ ಹಳದಿ ಸೋಡಿಯಂ ದೀಪಗಳು ಹೋಗಿ ಬಿಳಿ ಬಂದಿದ್ದು ಆ ನೀಲಿಯ ದೆಸೆಯಿಂದ. ಅದಕ್ಕೆ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರ ನೊಬೆಲ್. ಅಷ್ಟು ಹೇಳಿದರೆ ಸಾಕು, "ನಮ್ಮ ಬೀದೀದು ಕೆಟ್ಟು ಮೂರು ತಿಂಗಳಾಯ್ತು" ಅಂತ ಚರ್ಚೆ ತಾನೇ ಶುರುವಾಗುತ್ತೆ!

ಕಡಲೆಕಾಯಿ ಖರ್ಚು ಕೇಳುತ್ತೀರಿ. ಒಂದು ಸಂಜೆಗೆ ಎರಡು ಮೂರು ಕೇಜಿ. ಮಕ್ಕಳು ಪಣ ಕಟ್ಟುವ ಬದಲು ತಿಂದುಬಿಡುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬಸವನಗುಡಿಯಲ್ಲಿ ಇದೇ ಬೋರ್ಡ್ ಹಿಡಿದು ನಿಂತೆ. ಅಲ್ಲಿ ಕಡಲೆಕಾಯಿ ಕೊಡುವ ಗೋಜೇ ಇಲ್ಲ, ಜನ ತಮ್ಮ ಪೊಟ್ಟಣದಿಂದಲೇ ಕಟ್ಟುತ್ತಾರೆ. ರಾತ್ರಿ ನಾನೇ ಒಂದು ಚೀಲ ಮನೆಗೆ ತಂದೆ.

ಪೋಲರಾಯ್ಡ್ ವಿಷಯ. ಹೊಸ ಹಾಳೆ ದುಬಾರಿ. 3ಡಿ ಸಿನಿಮಾ ಕನ್ನಡಕ ಕೂಡಿಹಾಕಿದವರಿಗೆ ಒಂದು ಮಾತು: ಅದರಲ್ಲಿ ಹೆಚ್ಚಿನವು ಸರ್ಕ್ಯುಲರ್, ಅಂದರೆ ಬೆಳಕಿನ ಕಂಪನ ಸುತ್ತುತ್ತಾ ಸಾಗುವ ಬಗೆಯವು. ಮುಂದಿನಿಂದ ನೋಡಿದರೆ ಒಂದು, ಹಿಂದಿನಿಂದ ಇನ್ನೊಂದು. ಜನರ ಮುಂದೆ ಮಾನ ಹೋಗುತ್ತೆ. ಒಡೆದ ಟಿವಿ, ಲ್ಯಾಪ್‌ಟಾಪ್ ಪರದೆ ಗುಜರಿಯಲ್ಲಿ ನೂರಿನ್ನೂರಕ್ಕೆ ಸಿಗುತ್ತೆ. ಹಾಳೆ ಸುಲಿಯಬಹುದು, ಗೋಂದು ಮಾತ್ರ ಶನಿ. ಥಿನ್ನರ್ ಹಾಕಿದರೆ ಹಾಳೆಯೇ ಮಂಜಾಗುತ್ತೆ. ಗೋಂದು ಬಿಡಿಸುವುದಕ್ಕೆ ನನ್ನದೊಂದು ದಾರಿ ಇದೆ. ಅಡುಗೆ ಮನೆಯಲ್ಲಿ ಇರುವ ವಸ್ತುವೇ. ಅದನ್ನು ಇಲ್ಲಿ ಬರೆಯಲ್ಲ, ಸುಮ್ನೆ ಬಿಟ್ಟುಕೊಟ್ಟರೆ ನಾಳೆ ಗುಜರಿಯಲ್ಲಿ ನನಗೆ ಪರದೆ ಸಿಗಲ್ಲ.

ಅಂಗಡಿಯವರನ್ನು ಒಲಿಸಿಕೊಳ್ಳಲು ಈ ಹಾಳೆಗಿಂತ ಒಳ್ಳೆಯದಿಲ್ಲ. ಗಲ್ಲಾಪೆಟ್ಟಿಗೆ ಮೇಲಿನ ಕ್ಯಾಲ್ಕುಲೇಟರ್ ಮೇಲೆ ಹಿಡಿದು ತಿರುಗಿಸಿದರೆ ಅಂಕಿ ಸಮೇತ ಪರದೆ ಕಪ್ಪಾಗುತ್ತೆ. ದಿನಸಿ ಅಂಗಡಿಯ ಅಣ್ಣ "ಲೆಕ್ಕ ಹೋಯ್ತಲ್ಲ ಗುರುವೇ" ಅಂತ ಬೆಚ್ಚಿದರು. ಕಾಲು ಸುತ್ತು ತಿರುಗಿಸಿ ಲೆಕ್ಕ ವಾಪಸ್ ಕೊಟ್ಟ ಮೇಲೆ ಅವರೇ ಅಂಗಡಿ ಮುಂದೆ ಮೇಜು ಹಾಕಲು ಜಾಗ ಬಿಟ್ಟರು. ಆಮೇಲೆ ಮೂರು ಹಾಳೆಯ ಆಟ. ಎರಡು ಅಡ್ಡ ಇಟ್ಟು ಕತ್ತಲೆ ಮಾಡಿ, ನಡುವೆ ಮೂರನೆಯದನ್ನು ಓರೆಯಾಗಿ ತೂರಿಸಿದರೆ ಬೆಳಕು ಬರುತ್ತೆ. ತಡೆ ಜಾಸ್ತಿ ಮಾಡಿದರೆ ಬೆಳಕು ಜಾಸ್ತಿ! ಇದಕ್ಕೂ ಪಣ ಇದೆ, ಇದರಲ್ಲೂ ಜನ ಸೋಲುತ್ತಾರೆ.

ನಮ್ಮ ಪ್ರೊಫೆಸರ್ ಗೆಳೆಯರು ಇಲ್ಲಿ ಕಾಲೆಳೆದರು. "ಇದು ಮಾಮೂಲಿ ತರಂಗದ ಲೆಕ್ಕ, ಕ್ವಾಂಟಂ ಎಲ್ಲಿದೆ ಇದರಲ್ಲಿ?" ಸರಿಯೇ. ಆದರೆ ಎಲ್‌ಇಡಿ ಬೋರ್ಡಿನಲ್ಲಿ ಬೆಳಕು ಬಿಡಿಬಿಡಿ ಅಂತ ಒಪ್ಪಿಕೊಂಡು ಬಂದವರನ್ನು, ಹಾಗಾದರೆ ಒಂದೇ ಒಂದು ಬಿಡಿ ಬಂದರೆ ಓರೆ ಹಾಳೆಯಲ್ಲಿ ಏನಾಗಬೇಕು, ಅರ್ಧ ದಾಟುತ್ತಾ, ಅಂತ ಕೇಳಿ ನೋಡಿ. ತರಂಗದ ಲೆಕ್ಕ ಅಲ್ಲಿಗೆ ಕೈಕೊಡುತ್ತೆ. ಬೋರ್ಡ್ ಮೊದಲು, ಹಾಳೆ ಆಮೇಲೆ. ಈ ಸಾಲು ತಪ್ಪಿಸಬೇಡಿ, ಸಾಲಿನಲ್ಲೇ ಎಲ್ಲ ಇರುವುದು.

ಅದರ ಬೆನ್ನಿಗೆ "ಕಳ್ಳ ಪೋಸ್ಟ್‌ಮ್ಯಾನ್" ಆಟ. ಗುಟ್ಟಿನ ಸಂಕೇತವನ್ನು ಬೆಳಕಿನ ಬಿಡಿಗಳಲ್ಲಿ ಕಳಿಸುವ 1984ರ ಬೆನೆಟ್ ಮತ್ತು ಬ್ರಸಾರ್ಡ್ ವಿಧಾನವನ್ನೇ ಹಾಳೆ, ಟಾರ್ಚಿನಲ್ಲಿ ಆಡಿಸುವುದು. ಇಬ್ಬರು ಆ ತುದಿ ಈ ತುದಿ, ನಡುವೆ ಕದ್ದು ನೋಡುವ ಮೂರನೆಯವನು. ಇಪ್ಪತ್ತನಾಲ್ಕು ಸಲ ಕಳಿಸಿದರೆ, ಇಬ್ಬರೂ ಹಾಳೆಯನ್ನು ಒಂದೇ ಕೋನದಲ್ಲಿ ಹಿಡಿದವು ಮಾತ್ರ, ಸುಮಾರು ಅರ್ಧ, ಉಳಿಯುತ್ತೆ. ಕಳ್ಳ ಎಲ್ಲವನ್ನೂ ಮುಟ್ಟಿದ್ದರೆ ಅದರಲ್ಲಿ ನಾಲ್ಕಕ್ಕೊಂದು ತಪ್ಪು. ಹನ್ನೆರಡನ್ನು ತಾಳೆ ನೋಡಿದರೆ ನೂರಕ್ಕೆ ತೊಂಬತ್ತೇಳು ಸಲ ಸಿಕ್ಕಿಬೀಳಲೇಬೇಕು. ತಪ್ಪು ಕೋನ ಹಿಡಿದಾಗ ಉತ್ತರ ಹೀಗೂ ಹಾಗೂ ಬರಬೇಕು; ಅದನ್ನು ನಾಣ್ಯ ಚಿಮ್ಮದೆ, ಯಾರೂ ಸಂಶಯಪಡದ ಹಾಗೆ ತರುವುದು ಹೇಗೆ ಅನ್ನುವುದು ನನ್ನ ಎರಡನೇ ಗುಟ್ಟು.

ಈ ಆಟ ಮುಗಿದ ತಕ್ಷಣ ಬರುವ ಪ್ರಶ್ನೆ ಒಂದೇ: "ಹಾಗಾದ್ರೆ ನಮ್ಮ ಫೋನ್‌ಪೇ ದುಡ್ಡು?" ಈಗಿನ ಗುಪ್ತಲಿಪಿಯ ಬೀಗವನ್ನು ಕ್ವಾಂಟಂ ಕಂಪ್ಯೂಟರಿನಲ್ಲಿ ಮುರಿಯಲು ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ದಾರಿ ತೋರಿಸಿದ್ದು ನಿಜ, ಅದನ್ನು ನಿಜಕ್ಕೂ ನಡೆಸುವಷ್ಟು ದೊಡ್ಡ ಯಂತ್ರ ಇನ್ನೂ ಇಲ್ಲ, ಅಷ್ಟರೊಳಗೆ ಬೀಗ ಬದಲಿಸುವ ಕೆಲಸ ಶುರುವಾಗಿದೆ, ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟಿನಲ್ಲಿ ಹೊಸ ಬೀಗಗಳ ಮಾನದಂಡ ಹೊರಡಿಸಿತು ಅನ್ನುತ್ತೇನೆ. "ನಿಮ್ಮ ಓಟಿಪಿಯನ್ನು ಫೋನಿನಲ್ಲಿ ಕೇಳುವವನಿಗೆ ಕ್ವಾಂಟಂ ಬೇಕಿಲ್ಲ" ಅಂತಲೂ ಸೇರಿಸುತ್ತೇನೆ. ಅದಕ್ಕೆ ನಗು ಗ್ಯಾರಂಟಿ.

ನಿಜವಾದ ಫಸಲು ಬಂದಿದ್ದು ಜಗಳದಲ್ಲಿ. 2025ರ ಜುಲೈ ಕೊನೆಗೆ ಬೆಂಗಳೂರಿನ ಕ್ವಾಂಟಂ ಸಮಾವೇಶದಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಕೋಟಿಯ ಕರ್ನಾಟಕ ಕ್ವಾಂಟಂ ಮಿಷನ್ ಘೋಷಿಸಿತು. 2035ಕ್ಕೆ 20 ಬಿಲಿಯನ್ ಡಾಲರಿನ ವಹಿವಾಟು ಗುರಿ. ಹೆಸರಘಟ್ಟದಲ್ಲಿ ಕ್ವಾಂಟಂ ಸಿಟಿಗೆ ಆರು ಎಕರೆ ಚಿಲ್ಲರೆ ಜಾಗ. ಕೇಂದ್ರ ಸರ್ಕಾರದ ಕ್ವಾಂಟಂ ಮಿಷನ್ನಿನದ್ದು 2023ರ ಏಪ್ರಿಲಿನಲ್ಲೇ ಒಪ್ಪಿಗೆಯಾದ 6,003.65 ಕೋಟಿ, ಅದರ ಕಂಪ್ಯೂಟಿಂಗ್ ಭಾಗದ ಕೇಂದ್ರ ನಮ್ಮ ಐಐಎಸ್‌ಸಿಯಲ್ಲೇ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನಿಲ್ಲಿಸಿದೆ: "ಸಾವಿರ ಕೋಟಿ: ಕ್ವಾಂಟಂಗೋ, ರಸ್ತೆ ಗುಂಡಿಗೋ?" ಕೆಳಗೆ ಸಣ್ಣದಾಗಿ: "ನಿಮ್ಮ ಪಾಲು ತಲೆಗೆ ಸುಮಾರು ನೂರೈವತ್ತು ರೂಪಾಯಿ."

ಈ ಕೆಳಗಿನ ಸಾಲು ಇಲ್ಲದಿದ್ದಾಗ ಯಾರೂ ನಿಂತಿರಲಿಲ್ಲ. ಕೋಟಿ ಅಂದರೆ ಜನಕ್ಕೆ ಗಾಳಿಮಾತು. ನೂರೈವತ್ತು ಅಂದರೆ "ನನ್ನದು ಯಾಕೆ ಕೊಡಲಿ?"

ನಿಯಮ ಕಮ್ಮಿ. ಬಂದ ತಕ್ಷಣ ಒಂದು ಕಡಲೆಕಾಯಿ ಕ್ವಾಂಟಂ ಬಕೆಟ್ಟಿಗೋ ಗುಂಡಿ ಬಕೆಟ್ಟಿಗೋ. ಮಾತು ಒಂದೂವರೆ ನಿಮಿಷ. ಮಾತಾಡಿದವರು ಮತ್ತೆ ಮಾತಾಡಬೇಕಾದರೆ ಎದುರು ಪಕ್ಷದ ಪರವಾಗಿ ಆಡಬೇಕು. ಹೋಗುವಾಗ ಇನ್ನೊಂದು ಕಡಲೆಕಾಯಿ. ಪಕ್ಷ ಬದಲಿಸುವ ನಿಯಮಕ್ಕೆ ಮೊದಮೊದಲು ವಿರೋಧ ಬಂತು, "ನಮ್ಮನ್ನೇನು ವಕೀಲರು ಅಂದುಕೊಂಡ್ರಾ" ಅಂತ. ಬಿಡಲಿಲ್ಲ. ಕೂಗಾಟ ತಡೆದಿದ್ದು ಅದೇ.

ಎಂಥ ಮಾತು ಬಂದವು ಅಂದರೆ! ಎಚ್‌ಎಂಟಿಯಲ್ಲಿ ದುಡಿದು ರಿಟೈರ್ ಆದ ಯಜಮಾನರು "ವಾಚು ನಾವೇ ಮಾಡಿದ್ವಿ, ಮಿಷಿನ್ನೂ ನಾವೇ ಮಾಡಿದ್ವಿ. ಈ ಕ್ವಾಂಟಂಗೆ ತಣ್ಣಗೆ ಮಾಡೋ ಮಿಷಿನ್ ಎಲ್ಲಿಂದ ಬರುತ್ತೆ ಹೇಳಿ ಮೊದಲು" ಅಂದರು. ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ಟಿಗೆ (ಕ್ವಾಂಟಂ ಕಂಪ್ಯೂಟರಿನ ಲೆಕ್ಕದ ಮೂಲ ಘಟಕಕ್ಕೆ) ಹತ್ತಿಪ್ಪತ್ತು ಮಿಲಿಕೆಲ್ವಿನ್, ಅಂದರೆ ಹೆಚ್ಚುಕಮ್ಮಿ ಮೈನಸ್ 273 ಡಿಗ್ರಿಯ ತಂಪು ಬೇಕು, ಆ ಡೈಲ್ಯೂಷನ್ ರೆಫ್ರಿಜರೇಟರ್ ತರಿಸಿಕೊಳ್ಳುವುದು ಹೆಚ್ಚಾಗಿ ಹೊರಗಿನಿಂದಲೇ. ನಮ್ಮಲ್ಲೇ ಕ್ಯೂಪಿಎಐ ಕಂಪನಿ 2025ರಲ್ಲಿ 25 ಕ್ಯೂಬಿಟ್ಟಿನ ಯಂತ್ರ ಹೊರತಂದ ಸುದ್ದಿಯನ್ನು ನಾನು ಹೇಳಿದೆ. "ಅದರ ಫ್ರಿಜ್ಜು?" ಅಂತ ಮತ್ತೆ ಅಲ್ಲಿಗೇ ಬಂದರು. ಸೊಪ್ಪಿನ ಅಕ್ಕ "ಗುಂಡಿಗೆ ಕೊಟ್ಟ ದುಡ್ಡು ಯಾವತ್ತಾದ್ರೂ ಗುಂಡಿಗೆ ಹೋಗಿದ್ಯಾ? ಇದಕ್ಕಾದ್ರೂ ಕೊಡಿ" ಅಂದಿದ್ದಕ್ಕೆ ಚಪ್ಪಾಳೆ ಬಿತ್ತು. ಹೆಸರಘಟ್ಟದ ಹುಲ್ಲುಗಾವಲಿಗೆ ಹಕ್ಕಿ ನೋಡಲು ಹೋಗುವ ಹುಡುಗನೊಬ್ಬ ಜಾಗದ ಪ್ರಶ್ನೆ ಎತ್ತಿದ, ಅದು ಬೇರೆಯದೇ ಜಗಳವಾಗಿ ಕತ್ತಲಾಗುವ ತನಕ ನಡೆಯಿತು. ಬಕೆಟ್ ಎಣಿಸಿದರೆ ಬರುವಾಗ ಗುಂಡಿ ಭಾರಿ ಮುಂದು, ಹೋಗುವಾಗ ಹೆಚ್ಚುಕಮ್ಮಿ ಸರಿಸಮ. ನನಗೆ ಬೇಕಾಗಿದ್ದು ಯಾರು ಗೆದ್ದರು ಅನ್ನುವುದಲ್ಲ, ಎಷ್ಟು ಕಡಲೆಕಾಯಿ ಜಾಗ ಬದಲಿಸಿತು ಅನ್ನುವುದು. ಮೂರರಲ್ಲಿ ಒಂದು ಬದಲಾಗಿತ್ತು ಅನ್ನಬಹುದು. ಭಾಷಣದಲ್ಲಿ ಇಷ್ಟು ಯಾರು ಬದಲಾಗುತ್ತಾರೆ ಹೇಳಿ?

ಆಟೋ ಸ್ಟ್ಯಾಂಡಿನಲ್ಲಿ ಬೇರೆ ವಿಷಯ. ಅಲ್ಲಿ ಪರಮಾಣುವಿನ ಕ್ವಾಂಟಂ ಜಿಗಿತದಿಂದ ನಡೆಯುವ ಗಡಿಯಾರ. ಮ್ಯಾಪ್ ನಂಬಿ ದುಡಿಯುವವರಿಗೆ "ಉಪಗ್ರಹದ ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಜಾಗ 300 ಮೀಟರ್ ತಪ್ಪುತ್ತೆ" ಅಂದರೆ ಕಿವಿ ನೆಟ್ಟಗಾಗುತ್ತೆ. ಜಿಪಿಎಸ್‌ನಂಥ ನಮ್ಮದೇ ನಾವಿಕ್‌ನ ಮೊದಲ ಉಪಗ್ರಹದಲ್ಲಿ ಮೂರೂ ರುಬಿಡಿಯಂ ಗಡಿಯಾರ ಕೆಟ್ಟಿದ್ದು, 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಇಲ್ಲೇ ಮಾಡಿದ ಗಡಿಯಾರ ಹೋಗಿದ್ದು, ಇದು ಅವರಿಗೆ ಕ್ರಿಕೆಟ್ಟಿನಷ್ಟು ರುಚಿಸಿತು. ತೋರಿಸಲು ಕೈಯಲ್ಲಿ ಏನೂ ಇಲ್ಲ ಅನ್ನುವುದೊಂದೇ ಕೊರತೆ.

ಜಾಮೂನು ಪಾಕದ ಪ್ರಯೋಗ ಸುಮ್ನೆ ಮಾಡಿದ್ದು. ಉದ್ದ ಗಾಜಿನ ಲೋಟಕ್ಕೆ ಗಟ್ಟಿ ಪಾಕ ತುಂಬಿ ಎರಡು ಹಾಳೆಯ ನಡುವೆ ಇಟ್ಟು ಮೇಲಿನದನ್ನು ತಿರುಗಿಸಿದರೆ ನೀಲಿ, ನೇರಳೆ, ಕಿತ್ತಳೆ ಬಣ್ಣಗಳು ಬದಲಾಗುತ್ತಾ ಹೋಗುತ್ತವೆ. ಬೇಕರಿಯಿಂದ ತಂದದ್ದು ಕಲಕು, ಏಲಕ್ಕಿ ಬೇರೆ, ಏನೂ ಕಾಣಲಿಲ್ಲ. ಮನೆಯಲ್ಲಿ ಬರೀ ಸಕ್ಕರೆ ಹಾಕಿ ಬಟ್ಟೆಯಲ್ಲಿ ಸೋಸಿದ ಮೇಲೆ ಬಂತು. ಕ್ವಾಂಟಂಗೂ ಇದಕ್ಕೂ ಸಂಬಂಧ ದೂರದ್ದು. ಆದರೆ ಗೃಹಿಣಿಯರು ಮೇಜಿನ ಹತ್ತಿರ ಬಂದಿದ್ದು ಇದರಿಂದ. ಇರುವೆಗಳೂ ಬಂದವು.

ಒಂದು ಕಡೆ ನಮ್ಮ ಪಕ್ಕದಲ್ಲೇ "ಕ್ವಾಂಟಂ ಬಾಡಿ ಚೆಕಪ್" ಅಂತ ಬೋರ್ಡ್ ಹಾಕಿಕೊಂಡು ಒಬ್ಬರು ಕೂತರು. ಕೈಗೆ ಒಂದು ಕೋಲು ಹಿಡಿಸಿ, ಒಂದು ನಿಮಿಷದಲ್ಲಿ ಲಿವರ್, ಕಿಡ್ನಿ ಎಲ್ಲದರ ಪಟ್ಟಿ ಪ್ರಿಂಟ್. ಮುನ್ನೂರು ರೂಪಾಯಿ. ನಮಗಿಂತ ಕ್ಯೂ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಅವರ ಜೊತೆ ಜಗಳಕ್ಕೆ ಹೋಗಲಿಲ್ಲ. ನಮ್ಮ ಹುಡುಗನೊಬ್ಬ ಎರಡು ಸಲ ದುಡ್ಡು ಕೊಟ್ಟು, ಎರಡು ಹೆಸರು ಹೇಳಿ ಎರಡು ಪಟ್ಟಿ ತಂದ. ಎರಡನ್ನೂ ನಮ್ಮ ಹಲಗೆಗೆ ಪಿನ್ ಮಾಡಿ "ಒಬ್ಬನೇ ಮನುಷ್ಯ, ಅರ್ಧ ಗಂಟೆಯ ಅಂತರ" ಅಂತ ಬರೆದೆ. ಒಂದರಲ್ಲಿ ಕ್ಯಾಲ್ಸಿಯಂ ಕಮ್ಮಿ, ಇನ್ನೊಂದರಲ್ಲಿ ಸರಿ. 1976ರಲ್ಲಿ ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡ ಪರಿಶೀಲನೆಗೆ ಸಮಿತಿ ಮಾಡಿದ್ದರು. ನಮ್ಮ ಸಮಿತಿಯ ಖರ್ಚು ಆರುನೂರು ರೂಪಾಯಿ. ಆ ಮೇಜು ಮರುದಿನ ಬರಲಿಲ್ಲ.

ಒಟ್ಟು ದುಡ್ಡು ಹೇಳಿಬಿಡುತ್ತೇನೆ. ಭವನದ ಹದಿನೆಂಟು ಸಾವಿರ ಬಿಟ್ಟರೆ, ಕೆಟ್ಟದ್ದೂ ಸೇರಿ ಹನ್ನೆರಡು ಸಾವಿರದ ಒಳಗೆ ಎಲ್ಲ ಮುಗಿದಿದೆ. ಅದರಲ್ಲಿ ದೊಡ್ಡ ಪಾಲು ಆಟೋ ಬಾಡಿಗೆ. ಒಂದು ಸಂಸ್ಥೆ ಪ್ರಾಯೋಜಕತ್ವ ಕೊಡುತ್ತೇವೆ ಅಂತ ಬಂತು. ಅವರ ಲೋಗೊ ಹಲಗೆಯ ಮೇಲೆ ಬರಬೇಕು, ಗುಂಡಿಯ ಪ್ರಶ್ನೆ ಇರಬಾರದು ಅಂದರು. ಕಾಫಿ ಕುಡಿಸಿ ಕಳಿಸಿದೆ.

ಈಗ ಬೋರ್ಡಿಗೆ ಅವಗೆಂಪು (ಇನ್‌ಫ್ರಾರೆಡ್) ಎಲ್‌ಇಡಿ ಸೇರಿಸುತ್ತಿದ್ದೇನೆ. ಟಿವಿ ರಿಮೋಟಿನದ್ದೇ, ಮೊಬೈಲ್ ಕ್ಯಾಮೆರಾದಲ್ಲಿ ಮಾತ್ರ ಕಾಣುತ್ತೆ. ಕೆಂಪಿಗಿಂತಲೂ ಕೆಳಗೆ ಇಳಿದು ಆರಬೇಕು. ತೊಂದರೆ ಏನೆಂದರೆ ಅಲ್ಲಿಗೆ ಎಲ್‌ಎಂ 317ರ ಒಂದೂಕಾಲು ವೋಲ್ಟು ಅಡ್ಡ ಬರುತ್ತೆ, ಅದು ಆರುವ ಮೊದಲೇ ತಿರುಪು ನಿಲ್ಲುತ್ತೆ. ಒಂದು ಡಯೋಡ್ ಸೀರೀಸ್‌ನಲ್ಲಿ ಹಾಕಿ ಇಳಿಸಿ ನೋಡಿದೆ, ಮೀಟರನ್ನು ಡಯೋಡಿನ ಆಚೆಗೆ ಜೋಡಿಸಬೇಕಾಗುತ್ತೆ. ಇನ್ನು ಕೆಲವು ಹೊಸ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಅವಗೆಂಪು ಕಾಣಲ್ಲ, ಸೆಲ್ಫಿ ಕ್ಯಾಮೆರಾ ಹಿಡಿಯಲು ಹೇಳಿ.